ತಿಂಗಳ ಹೆಸರಿನವರು

ನಮ್ಮ ಮನೆತನದ ಹೆಸರು ಆಕ್ಟೋಬರ್.
ಯಾವುದೋ ಆಕ್ಟೋಬರಿನಲ್ಲಿ ಕೇಪಿನ ಬಂದರಿಗೆ
ಹಡಗಿನಿಂದ ಇಳಿಸಿದರಂತೆ ಒಬ್ಬಳನ್ನು,
ಬಂಗಾಳದವಳೋ ಮಲಬಾರಿನವಳೋ.
ಗುಮಾಸ್ತನಿಗೆ ಹೆಸರು ಕೇಳುವ ಪುರುಸೊತ್ತಿರಲಿಲ್ಲ,
ತಿಂಗಳು ಬರೆದುಕೊಂಡ.
ಅಮ್ಮ ಹೇಳುತ್ತಿದ್ದಳು. ನಿಜವೋ ಸುಳ್ಳೋ.

ಅಣ್ಣ ಬೇಸಿಲ್ ಇಪ್ಪತ್ತಾರಕ್ಕೆ
ಆ ತಿಂಗಳನ್ನು ಕಳಚಿಟ್ಟ.
ಒಂದೇ ಪಾತ್ರೆಯ ಹಾಲು ನಾವು:
ಅವನು ಮೇಲೆ ಕಟ್ಟಿದ ಕೆನೆ,
ನಾನು ತಳ ಹಿಡಿದದ್ದು.

ಮಂಡಳಿಯವರು ಅವನ ಉಗುರಿನ ಬುಡ ನೋಡಿದರು,
ಕಿವಿಯ ಹಾಲೆ ಹಿಸುಕಿದರು, ಕೂದಲೆಳೆದರು,
ದನ ಕೊಳ್ಳುವಾಗ ಹಲ್ಲು ಎಣಿಸುವ ಹಾಗೆ.
ಆಮೇಲೆ ಅಮ್ಮನನ್ನು ಕರೆದರು.
ಬೈಬಲ್ಲಿನ ಮೇಲೆ ಕೈಯಿಟ್ಟು ಅವಳು ಹೇಳಿದಳು:
ಇವನನ್ನು ನಾನು ಹೆತ್ತಿಲ್ಲ.
ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕಿದ ಕೂಸು,
ಯಾರೋ ಬಿಳಿ ಹೆಂಗಸಿನದು.

ಮನೆಗೆ ಬಂದವಳೇ ಕೈ ತೊಳೆದಳು.
ಸೋಪು ಹಚ್ಚಿ ಮತ್ತೆ ತೊಳೆದಳು.
ಅಪ್ಪ ಅನ್ನದ ತಟ್ಟೆಯನ್ನು ಅಂಗಳಕ್ಕೆ ಎಸೆದ.
ಕೋಪ ಯಾರ ಮೇಲೆಂದು
ಅವನಿಗೂ ತಿಳಿದಿರಲಿಲ್ಲ.

ಅಂದಿನಿಂದ ನಮ್ಮಲ್ಲಿ ಪ್ರೀತಿಯೆಂದರೆ
ಗುರುತಿಲ್ಲದವರ ಹಾಗೆ ನೋಡುವುದು.
ಸಾಲ್ಟ್ ರಿವರ್ ಸ್ಟೇಷನ್ನಿನಲ್ಲಿ
ಅವನು ಬಿಳಿಯರ ಬೋಗಿಗೆ, ನಾನು ನಮ್ಮದಕ್ಕೆ.
ಕಣ್ಣಿಗೆ ಕಣ್ಣು ತಾಗಿದರೆ
ನಾನು ಟೋಪಿ ಅಂಗಡಿಯ ಜಾಹೀರಾತು ಓದುತ್ತಿದ್ದೆ.
ಎಷ್ಟು ಸಲ ಓದಿದೆನೆಂದರೆ ಬೆಲೆ ಈಗಲೂ ಬಾಯಿಪಾಠ,
ಮೂರು ಪೌಂಡು ಹದಿನೈದು ಶಿಲಿಂಗು.

ತಿಂಗಳಿಗೊಮ್ಮೆ ಬರುತ್ತಿದ್ದ, ಕತ್ತಲಾದ ಮೇಲೆ,
ಹಿತ್ತಲ ಬಾಗಿಲಿಂದ,
ಬಿಳಿಯರ ಮನೆಗೆ ನಾವು ಹೋಗುತ್ತಿದ್ದ ಹಾಗೆ.
ಅಮ್ಮ ಪಾಕದಲ್ಲಿ ಅದ್ದಿದ ಬಿಸಿ ಕೂಸಿಸ್ಟರ್ ಕೊಟ್ಟರೆ
ನಿಂತೇ ತಿನ್ನುತ್ತಿದ್ದ, ಬೆರಳು ನೆಕ್ಕುತ್ತಿದ್ದ.
‘ಮಿನ್ನಿ, ನನ್ನ ಮೈಯಲ್ಲಿ ಏಲಕ್ಕಿ ವಾಸನೆ ಬರುತ್ತಿದೆಯಾ?’
ಎಂದು ಕೇಳಿ ಹೊರಡುತ್ತಿದ್ದ.
ಮದುವೆಯಾದ ಮೇಲೆ ಅದೂ ನಿಂತಿತು.

ಒಂದು ಭಾನುವಾರ ಕಂಪನಿ ತೋಟದಲ್ಲಿ
ನನ್ನ ಕಾಲಿಗೊಂದು ಚೆಂಡು ಉರುಳಿ ಬಂತು.
ಹಿಂದೆಯೇ ಐದು ವರ್ಷದ ಹುಡುಗಿ,
ಮುಂದಿನ ಹಲ್ಲುಗಳ ನಡುವೆ
ಅಮ್ಮನ ಬಾಯಿಯದೇ ಸಂದಿ.
ಎತ್ತಿ ಕೊಟ್ಟೆ.
‘ಥ್ಯಾಂಕ್ಯೂ, ಹುಡುಗಿ’ ಅಂದಳು.
ನನಗಾಗ ಮೂವತ್ತೊಂದು.

ಬೆಂಚಿನ ಮೇಲೆ ಬೇಸಿಲ್ ಪತ್ರಿಕೆ ಹಿಡಿದಿದ್ದ.
ಅದರ ಅಂಚು ನಡುಗಿತೆಂದು ಬರೆಯಬಹುದು.
ನಡುಗಲಿಲ್ಲ.

ಸೋದರತ್ತೆ ಕಣೇ ನಾನು,
ಅಷ್ಟೇ ಮಾತು. ಅಷ್ಟಕ್ಕೇ ಹೋಗುತ್ತಿತ್ತು
ಅವಳ ಶಾಲೆ, ಅವಳ ಬೀದಿ, ಅವಳು ಮಲಗುವ ಮಂಚ.
ನುಂಗಿದೆ. ಪುಣ್ಯಕ್ಕಲ್ಲ,
ಸಿಟ್ಟೂ ಇತ್ತು ಆ ಗುಟುಕಿನಲ್ಲಿ.

ಅಮ್ಮ ಸತ್ತಾಗ ಹೂವು ಬಂತು, ಹೆಸರಿಲ್ಲದ ಚೀಟಿಯೊಡನೆ.
ಅಪ್ಪ ಕೋಳಿಗಳಿಗೆ ಹಾಕಿದ.
ರಿಬ್ಬನ್ನು ನಾನೆತ್ತಿಟ್ಟುಕೊಂಡೆ.
ಆಮೇಲೆ ಬುಲ್ಡೋಜರು ಬಂದು ಬೀದಿಯನ್ನೇ ಒಯ್ದಿತು.
ನಮ್ಮನ್ನು ಮರಳುಬಯಲಿಗೆ ತಂದು ಸುರಿದರು.

ಬೆಂಚುಗಳ ಮೇಲಿನ ಬೋರ್ಡುಗಳನ್ನೆಲ್ಲ ಕಿತ್ತು,
ಒಂದೇ ಸಾಲಿನಲ್ಲಿ ನಿಂತು ಓಟು ಹಾಕಿ
ವರ್ಷವಾಗಿತ್ತು. ಬಾಗಿಲು ಬಡಿದ ಸದ್ದು.
ನಲವತ್ತು ದಾಟಿದ ಹೆಂಗಸು, ಕೈಯಲ್ಲೊಂದು ಫೋಟೋ.
‘ನಮ್ಮ ತಂದೆ. ಇವರ ಗುರುತಿದೆಯೆ ನಿಮಗೆ?
ಕೊನೆಯ ವಾರವೆಲ್ಲ ಮಿನ್ನಿ, ಮಿನ್ನಿ ಎನ್ನುತ್ತಿದ್ದರು.
ಹಳೆಯ ಬೆಕ್ಕಿರಬೇಕು ಅಂದುಕೊಂಡಿದ್ದೆವು.’
ಮಾತಾಡುವಾಗ ಹಲ್ಲಿನ ಸಂದಿ ಕಂಡಿತು.

ಇಲ್ಲ, ಅಂದೆ. ಗೊತ್ತಿಲ್ಲ.

ನಲವತ್ತು ವರ್ಷ ಕಾವಲು ಕಾದ ನಾಲಿಗೆ.
ಕಾನೂನು ಸತ್ತ ಸುದ್ದಿಯನ್ನು
ಅದಕ್ಕೆ ಯಾರೂ ಮುಟ್ಟಿಸಿರಲಿಲ್ಲ.

ಅವಳು ಗೇಟು ದಾಟಿದಳು.
ಒಲೆಯ ಮೇಲೆ ಕೆಟಲು ಕೂಗತೊಡಗಿತ್ತು.
ನಾನೂ ಕೂಗಬೇಕೆಂದು ಹೊಸಿಲಿಗೆ ಬಂದೆ,
ಬಾಯಿ ತೆರೆದೆ.

ಹೆಸರು
ನಾನೂ ಕೇಳಿರಲಿಲ್ಲ.